ಅಪ್ಪನ ಮೀನಖಂಡ ಅಳೆದ ಬೇಸಿಗೆ

ಆಗೆಲ್ಲ ಮೈ ಎಲ್ಲಾದರೂ ಅದುರಿದರೆ ಹುಡುಕಿ ನೋಡಲು ಕೈಯಲ್ಲಿ ಫೋನಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ ಪಂಚಾಂಗವಿತ್ತು. ಹಲ್ಲಿ ಬಿದ್ದರೆ ಏನು ಫಲ, ಯಾವ ಅಂಗ ಅದುರಿದರೆ ಏನು ಫಲ ಎಂಬ ಪಟ್ಟಿ ಅದರ ಕೊನೆಯ ಹಾಳೆಗಳಲ್ಲಿ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಇದ್ದಿರಬೇಕು.

ನನ್ನ ನಾಲ್ಕನೇ ಕ್ಲಾಸು ಮುಗಿದ ಬೇಸಿಗೆ. ಭದ್ರಾವತಿಯ ಕ್ವಾರ್ಟರ್ಸಿನ ಅಂಗಳದಲ್ಲಿ ಅಮ್ಮ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. ಇಂಗಿನ ವಾಸನೆ, ಬಿಸಿಲಿಗೆ ಒಣಗುವ ಹಿಟ್ಟಿನ ವಾಸನೆ. ಕಾಗೆ ಕಾಯುವ ನೆಪದಲ್ಲಿ ನಾನೊಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಕಾರ್ಖಾನೆಯಿಂದ ಬಂದ ಅಪ್ಪ ಜಗಲಿಯ ಮೇಲೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಕೂತು ಕರೆದರು.

"ಬಾ ಇಲ್ಲಿ. ನಿನ್ನ ಕಣ್ಣು ಚುರುಕು. ಇಲ್ಲೇ ನೋಡ್ತಾ ಇರು."

ಬಲಗಾಲಿನ ಮೀನಖಂಡದಲ್ಲಿ, ಚರ್ಮದ ಕೆಳಗೆ, ಏನೋ ಪುಟಕ್ಕನೆ ಹಾರಿತು. ನಿಂತಿತು. ಮತ್ತೆ ಹಾರಿತು.

"ಕಂಡ್ತಾ?"

"ಹ್ಞೂಂ ಅಪ್ಪ. ಒಳಗಿಂದ ಯಾರೋ ಬೆರಳಲ್ಲಿ ತಟ್ಟಿದ ಹಾಗೆ."

ಪಕ್ಕದ ಮನೆಯ ಕಣ್ಣಮ್ಮಕ್ಕ ಬೇಲಿಯ ಆಚೆಯಿಂದ ಇಣುಕಿ, "ಏನ್ ಸಾರ್, ಕಾಲಲ್ಲಿ ಕಪ್ಪೆ ಸಾಕಿದೀರಾ?" ಎಂದರು. ಅಮ್ಮ ಪಂಚಾಂಗ ತಂದು ಓದಿದಳು. "ಗಂಡಸರಿಗೆ ಬಲಗಾಲು ಅದುರಿದ್ರೆ ಪ್ರಯಾಣವಂತೆ. ನಮ್ಮನ್ನ ಬಿಟ್ಟು ಎಲ್ಲಿಗೆ ಹೊರಟ್ರಿ?"

ಅಪ್ಪ ನಗಲಿಲ್ಲ. ಹಿಂದಿನ ವರ್ಷ ಅವರ ಶಿಫ್ಟಿನ ಗೆಳೆಯರೊಬ್ಬರು ತೀರಿಕೊಂಡಿದ್ದರು. ಅವರಿಗೆ ಮೊದಲು ತೋಳು ಅದುರಿತ್ತು, ಆಮೇಲೆ ಸೊರಗಿತ್ತು, ಕೊನೆಗೆ ಅನ್ನ ನುಂಗಲೂ ಆಗಿರಲಿಲ್ಲ. ಅಪ್ಪ ಕ್ರೇನ್ ಆಪರೇಟರ್. ಕಾದ ಕಬ್ಬಿಣವನ್ನು ಜನರ ತಲೆಯ ಮೇಲಿಂದ ಸಾಗಿಸುವ ಕೆಲಸ. ಅದರಲ್ಲಿ ಅವರಿಗಿದ್ದ ಹೆಮ್ಮೆ ನಮ್ಮ ಮನೆಯಲ್ಲಿ ಬೇರೆ ಯಾರಿಗೂ, ಯಾವುದರಲ್ಲೂ ಇರಲಿಲ್ಲ.

ಅಳತೆ ಶುರುವಾಯಿತು. ಪ್ರತಿ ಭಾನುವಾರ ಅಮ್ಮನ ಹೊಲಿಗೆಯ ಟೇಪು. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಪೆನ್ನಿನಲ್ಲಿ ಒಂದು ಗೆರೆ. ಅಪ್ಪ ಅಲುಗಾಡದೆ ನಿಲ್ಲುತ್ತಿದ್ದರು, ನಾನು ಟೇಪು ಸುತ್ತಿ ಓದುತ್ತಿದ್ದೆ, ಅವರು ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಮೂರು ವಾರ ಒಂದೇ ಅಳತೆ. ನಾಲ್ಕನೇ ಭಾನುವಾರ ಅರ್ಧ ಇಂಚು ಕಡಿಮೆ ಬಂತು.

"ಸರಿಯಾಗಿ ನೋಡು."

"ಸರಿಯಾಗೇ ನೋಡಿದೀನಿ."

ನೋಡಿರಲಿಲ್ಲ. ಅವತ್ತು ಅಪ್ಪ ಎಣ್ಣೆ ಸ್ನಾನಕ್ಕೆಂದು ಮೈತುಂಬ ಎಣ್ಣೆ ಹಚ್ಚಿಕೊಂಡಿದ್ದರು. ಗೆರೆ ಅಳಿಸಿಹೋಗಿತ್ತು. ನಾನು ಅಂದಾಜಿನಲ್ಲಿ ಟೇಪನ್ನು ಇನ್ನೂ ಕೆಳಗೆ, ಕಾಲು ಸಣ್ಣಗಾಗುವ ಕಡೆ ಸುತ್ತಿದ್ದೆ. ಅದು ನನಗೆ ಆಗಲೇ ಗೊತ್ತಾಗಿತ್ತು. ಕಣ್ಣು ಚುರುಕು ಅನ್ನಿಸಿಕೊಂಡವಳಿಗೆ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.

ಮಾರನೇ ದಿನ ಅಪ್ಪ ನನ್ನನ್ನೂ ಕರೆದುಕೊಂಡು ಶಿವಮೊಗ್ಗದ ಡಾಕ್ಟರ ಹತ್ತಿರ ಹೋದರು. ಅವರು ಮಂಡಿಗೆ ಪುಟ್ಟ ಸುತ್ತಿಗೆಯಲ್ಲಿ ಹೊಡೆದರು, ತುದಿಗಾಲಲ್ಲಿ ನಡೆಸಿದರು, ಕಾಲನ್ನು ತಳ್ಳಿ ಎಳೆದು ನೋಡಿದರು.

"ಬಲ ಒಂಚೂರೂ ಕಮ್ಮಿಯಾಗಿಲ್ಲ. ಹೀಗೆ ಅದುರೋದು ಎಷ್ಟೋ ಜನಕ್ಕೆ ಇರುತ್ತೆ, ಏನೂ ಮಾಡಲ್ಲ. ನಿದ್ದೆ ಮಾಡಿ, ಕಾಫಿ ಕಮ್ಮಿ ಮಾಡಿ. ಮುಖ್ಯವಾಗಿ ಅದನ್ನೇ ನೋಡ್ತಾ ಕೂರಬೇಡಿ."

"ಅರ್ಧ ಇಂಚು ಹೋಗಿದೆಯಲ್ಲ ಡಾಕ್ಟ್ರೇ?"

"ಯಾರು ಅಳೆದಿದ್ದು?"

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. "ಮಗಳು. ಇವಳು ತಪ್ಪು ಮಾಡೋಳಲ್ಲ."

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆ ವಾರವೇ ಅಪ್ಪ ಅರ್ಜಿ ಬರೆದುಕೊಟ್ಟು ಕ್ರೇನಿನಿಂದ ಇಳಿದರು. ಸ್ಟೋರ್ಸಿನಲ್ಲಿ ಬೋಲ್ಟು ನಟ್ಟು ಎಣಿಸಿಕೊಡುವ ಕೆಲಸ ಸಿಕ್ಕಿತು. "ಡಾಕ್ಟ್ರು ಏನಿಲ್ಲ ಅಂದ್ಮೇಲೂ ಇಳಿದು ಬಂದ್ರಲ್ಲ ಮಾರಾಯ್ರೇ, ನಿಮ್ಮ ಕೈಯಾರೆ!" ಎಂದು ಅಮ್ಮ ಅತ್ತಳು. "ಕೆಳಗೆ ಜನ ಇರ್ತಾರೆ ಕಣೇ" ಎಂದಷ್ಟೇ ಅಪ್ಪ ಅಂದರು. ಮತ್ತೆ ಅವರು ಕ್ರೇನಿನ ಏಣಿ ಹತ್ತಲಿಲ್ಲ.

ನನ್ನ ಮದುವೆಯ ಹಿಂದಿನ ವಾರ ಅವರಿಗೆ ನಿಜ ಹೇಳಿದೆ. "ಆಮೇಲೆ ನಾನೇ ಅಳೆದಿದ್ದೆ. ಸರಿಯಾಗೇ ಇತ್ತು" ಎಂದರು. "ಆದ್ರೂ ನಂಬಿಕೆ ಬರ್ಲಿಲ್ಲ." ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜವೋ, ಇವತ್ತಿಗೂ ನನಗೆ ತಿಳಿಯದು.

ಅವರಿಗೀಗ ಎಪ್ಪತ್ತು ದಾಟಿದೆ. ಕಾಲು ಇನ್ನೂ ಅದುರುತ್ತದೆ, ಕಾಲು ಇನ್ನೂ ಗಟ್ಟಿಯಾಗಿದೆ. ಹೆದರಿದ್ದು ಯಾವುದೂ ಬರಲಿಲ್ಲ. ಮೈಯನ್ನು ಅದರ ಪಾಡಿಗೆ ಬಿಟ್ಟು ಬದುಕುವುದು ಮಾತ್ರ ಆ ಬೇಸಿಗೆಯಲ್ಲಿ ನಮ್ಮಿಂದ ಹೋಯಿತು, ತಿರುಗಿ ಬರಲಿಲ್ಲ.

ಕಳೆದ ತಿಂಗಳು ವಿದ್ಯಾನಗರದ ನಮ್ಮ ಮನೆಯಲ್ಲಿ ನನ್ನ ಮಗಳು ನಗುತ್ತ ಓಡಿಬಂದಳು. "ಅಮ್ಮಾ, ನನ್ನ ರೆಪ್ಪೆ ಡ್ಯಾನ್ಸ್ ಮಾಡ್ತಿದೆ, ನೋಡು!"

ಅದು ಏನೂ ಅಲ್ಲವೆಂದು ನನಗೆ ಗೊತ್ತು. ಆದರೂ ಅವಳ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಉಸಿರು ಬಿಗಿಹಿಡಿದು ನೋಡಿದೆ.

ಅವಳು ನಗುವುದನ್ನು ನಿಲ್ಲಿಸಿದಳು.

"ಯಾಕಮ್ಮಾ, ನಂಗೆ ಏನಾದ್ರೂ ಆಗುತ್ತಾ?"