ಹಾಲೆರೆದ ಬೇಲಿ

ಕೋವಿಡ್ ಮುಗಿದು ಒಂದೆರಡು ವರ್ಷವಾಗಿತ್ತು. ನಾನಾಗ ಶಿರಾ ತಾಲ್ಲೂಕಿನ ಹುಲಿಕುಂಟೆ ಸೀಮೆಯಲ್ಲಿ ಪಶುವೈದ್ಯ, ನಿವೃತ್ತಿ ಹತ್ತಿರದಲ್ಲಿತ್ತು. ಹಸುಗಳಿಗಿಂತ ಕುರಿಗಳೇ ನನಗೆ ಹೆಚ್ಚು ಕೆಲಸ ಕೊಡುತ್ತಿದ್ದವು. ಪಿಪಿಆರ್ ಎಂಬ ಸಾಂಕ್ರಾಮಿಕ ರೋಗ ತಗುಲಿದರೆ ಮಂದೆಗೆ ಮಂದೆಯೇ ಖಾಲಿ. ಅದರ ಲಸಿಕೆಯನ್ನು ನಾವು ಊರ ಹೊರಗಿನ ಕಾವಲಿನಲ್ಲಿ ಹಾಕುತ್ತಿದ್ದೆವು. ಕಾವಲು ಅಂದರೆ ತಲೆತಲಾಂತರದಿಂದ ಕುರಿ ಮೇಯುತ್ತ ಬಂದ ಸರ್ಕಾರಿ ಹುಲ್ಲುಗಾವಲು.

ಆ ಸಲ ಲಸಿಕೆಯ ದಿನ ಕುರಿಗಾಹಿ ಈರಕ್ಕ ಬಹಳ ಖುಷಿಯಲ್ಲಿದ್ದಳು. ಗಂಡ ಹೋದ ಮೇಲೆ ಮಂದೆಯನ್ನು ಒಬ್ಬಳೇ ನಡೆಸಿದವಳು. ಅವಳ ಬದುಕೆಲ್ಲ ಅದರ ಮೇಲೇ ನಿಂತಿತ್ತು.

"ಸಾರ್, ನಮ್ ಕಾವಲಿಗೆ ಬೇಲಿ ಹಾಕ್ತಾರಂತೆ. ಇನ್ನ ಯಾವನೂ ಟ್ರಾಕ್ಟರ್ ತಂದು ಉತ್ಕಳ್ಳಂಗಿಲ್ಲ," ಅಂದಳು.

ಒತ್ತುವರಿಯ ಕಾಟ ಅಲ್ಲಿ ಹಳೆಯದು. ಜೊತೆಗೆ, ತೋಳ ನುಗ್ಗದಂತೆ ಮುಳ್ಳಿನ ರೊಪ್ಪ ಕಟ್ಟಿ ಕುರಿ ಕೂಡುವ ಜನ ಅವರು. ಅವರ ಲೆಕ್ಕದಲ್ಲಿ ಕುರಿ ಯಾವತ್ತೂ ಬೇಲಿಯ ಒಳಗೇ ಇರುತ್ತದೆ. ಬೇಲಿ ಎಂದ ಕೂಡಲೇ ಇಡೀ ಹಟ್ಟಿ ಕುಣಿದಾಡಿತು. ನನಗೂ ಬೇರೇನೂ ಗೊತ್ತಿರಲಿಲ್ಲ.

ಮೊದಲ ಕಂಬ ನೆಡುವ ದಿನ ಪಕ್ಷದ ಮುಖಂಡರೊಬ್ಬರು ಬಂದರು. ಈರಕ್ಕ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುರಿಯ ಹಾಲನ್ನು ಅದರ ಬುಡಕ್ಕೆ ಎರೆದಳು. ಆಮೇಲೆ ಕೇಳಿದಳು:

"ಸ್ವಾಮಿ, ಕುರಿ ಹೋಗಕ್ಕೆ ಬಾಗ್ಲು ಯಾವ್ ಕಡೀಕೆ ಬುಡ್ತೀರಾ?"

ಮುಖಂಡರು ಕೈಮುಗಿದು, "ಎಲ್ಲಾ ಒಳ್ಳೇದಾಗ್ತದೆ ಕಣಮ್ಮ," ಎಂದು ಕಾರು ಹತ್ತಿದರು. ಅವಳು ಕೇಳಿದ್ದು ಬಾಗಿಲನ್ನು, ಸಿಕ್ಕಿದ್ದು ಆಶೀರ್ವಾದ. ಆದರೂ ಜನ ಚಪ್ಪಾಳೆ ತಟ್ಟಿದರು.

ಕಾವಲು ಆಗಲೇ ಒಂದು ಕಂಪನಿಯ ಪಾಲಾಗಿತ್ತು. ಅದು ನಮಗೆ ತಿಳಿದದ್ದು ಬೇಲಿ ಮುಗಿದು ಗೇಟಿಗೆ ಬೀಗ ಬಿದ್ದ ಮೇಲೆ, ಸೆಕ್ಯುರಿಟಿಯವನ ಬಾಯಿಂದ. ನಾನು ಮೇಲಧಿಕಾರಿಗೆ ಫೋನ್ ಮಾಡಿ, ಇಷ್ಟು ಕುರಿ ಇನ್ನು ಎಲ್ಲಿ ಮೇಯಬೇಕು ಎಂದು ಕೇಳಿದೆ.

"ಅದು ಯಾವಾಗ್ಲೋ ತೀರ್ಮಾನ ಆಗಿದೆ ಡಾಕ್ಟ್ರೇ. ಮೊದಲೇ ಹೇಳಿದ್ರೆ ಗಲಾಟೆ ಆಗುತ್ತೆ ಅಂತ ಆ ಮುಖಂಡರೂ ಸೇರಿ ಎಲ್ರೂ ಸುಮ್ನಿದ್ರು," ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮನಸ್ಸಿಗೆ ಜೋಮು ಹಿಡಿದಂತಾಗಿತ್ತು. ಫೋನನ್ನು ಜೇಬಿಗಿಟ್ಟು ಊಟಕ್ಕೆ ಹೋದೆ.

ರಸ್ತೆ ಬದಿಯ ಹುಲ್ಲು ಎಷ್ಟು ದಿನ ಬಂದೀತು? ಈರಕ್ಕ ಮಂದೆಯನ್ನೇ ಮಾರಿದಳು. ಲಾರಿಗೆ ಹತ್ತಿಸುವ ಮೊದಲು ಕುರಿಗಳ ತಪಾಸಣೆಗೆ ನಾನೇ ಹೋಗಿದ್ದೆ. ಅವಳು ಅಳಲಿಲ್ಲ. ಹೆಸರು ಹಿಡಿದು ಕರೆದಳು. ಅವು ನಂಬಿ ಬಂದು ಹತ್ತಿದವು.

"ಅವರು ಒಂದು ಮಾತು ಮೊದಲೇ ಹೇಳಬಹುದಿತ್ತು," ಎಂದೆ.

"ಹೇಳಿದ್ರೆ ಜಗಳ ಆಡ್ತಿದ್ವಿ ಸಾರ್. ಸೋಲ್ತಿದ್ವೇನೋ. ಜಗಳ ಆಡಿ ಸೋತ್ವಿ ಅಂತಾದ್ರೂ ಇರ್ತಿತ್ತು. ಇವಾಗ ಅದೂ ಇಲ್ಲ."

ಕೆಟ್ಟ ಸುದ್ದಿ ಹೇಳುವುದು ನನ್ನ ಕೆಲಸದ ಅರ್ಧ ಭಾಗವಾಗಿತ್ತು. ಮಂದೆ ಉಳಿಯುವುದಿಲ್ಲ ಎಂದು ಮಧುಗಿರಿಯಲ್ಲಿ, ಪಾವಗಡದಲ್ಲಿ ಎಷ್ಟೋ ಮನೆಗಳ ಮುಂದೆ ನಿಂತು ಹೇಳಿದ್ದೇನೆ. ಬೈದಿದ್ದಾರೆ, ಅತ್ತಿದ್ದಾರೆ, ಕೊನೆಗೆ ಕಾಫಿ ಕೊಟ್ಟು ಕಳಿಸಿದ್ದಾರೆ. ಮುಖ ಕೊಟ್ಟು ಹೇಳಿದರೆ ಜನ ಎಂಥದನ್ನೂ ತಾಳಿಕೊಳ್ಳುತ್ತಾರೆ ಎಂಬುದನ್ನು ಈ ನೌಕರಿ ನನಗೆ ಕಲಿಸಿತು. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಈರಕ್ಕ ಕಲಿಸಿದಳು. ಆ ಮುಖಂಡರು ಈಗಲೂ ಓಟು ಕೇಳಲು ಹಟ್ಟಿಗೆ ಬರುತ್ತಾರಂತೆ. ಅವಳು ಬೈಯುವುದೂ ಇಲ್ಲವಂತೆ, ಎದ್ದು ಒಳಗೆ ಹೋಗುತ್ತಾಳಂತೆ.