ಹುಲಿಗೆವ್ವ ಕಲಕಿದ ಮಾರ್ಟಿನಿ

ಮನಗೂಳಿ ದಾಟಿ ಹೆದ್ದಾರಿಗೆ ಅಂಟಿಕೊಂಡಿರುವ ಹೋಟೆಲಿನ ಹಿತ್ತಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಚ್ಚಲಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಹುಲಿಗೆವ್ವ, ಹಿಂದಿನ ದಿನ ಗಿರಾಕಿಗಳು ಕುಡಿದಿಟ್ಟ ಗ್ಲಾಸುಗಳನ್ನು ಒಂದೊಂದಾಗಿ ಮೂಸಿ ನೋಡಿ ಬಿಸಿನೀರಿಗೆ ಇಳಿಸುತ್ತಿದ್ದಾರೆ. "ಇದು ರಮ್ಮು. ಇದೂ ರಮ್ಮ. ಇದು ವಿಸ್ಕಿ, ನೀರ ಬಾಳ ಹಾಕ್ಯಾರ." ಆಚೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಇಮಾಮಬಿ ನಗುತ್ತಾರೆ: "ಈಕಿ ಮೂಗಿನ್ಯಾಗ ಒಂದು ಬಾರ್ ಐತ್ರಿ. ಬಾಯಾಗ ಮಾತ್ರ ಒಂದು ಹನಿ ಬಿಟ್ಕೊಂಡಿಲ್ಲ."

ಐವತ್ತಮೂರರ ಹುಲಿಗೆವ್ವ ದಿನಕ್ಕೆ ಇನ್ನೂರೈವತ್ತು ಗ್ಲಾಸು ತೊಳೆಯುತ್ತಾರೆ, ಶನಿವಾರ ಭಾನುವಾರ ನಾನೂರರ ಮೇಲೆ. ಹೋದ ವರ್ಷ ಅವರ ಕೈಯಲ್ಲಿ ಒಡೆದದ್ದು ಎರಡೇ. ಅದರಲ್ಲೊಂದು ಬೆಕ್ಕಿನ ತಪ್ಪೆಂದು ಈಗಲೂ ವಾದಕ್ಕೆ ನಿಲ್ಲುತ್ತಾರೆ. ಒಳಗಿನ ಗಾಜಿನ ಕಪಾಟಿನಲ್ಲಿ ಲಾಳಿಕೆಯಂತೆ ಬಾಯಿ ಅಗಲಿಸಿಕೊಂಡು ಒಂಟಿ ಕಾಲಲ್ಲಿ ನಿಂತ ಆರು ಗ್ಲಾಸುಗಳಿವೆ. ಚೆಂದ ಕಾಣಲೆಂದು ಮಾಲೀಕ ಬಸಣ್ಣ ಅವುಗಳಲ್ಲಿ ಪ್ಲಾಸ್ಟಿಕ್ ಹೂ ಸಿಕ್ಕಿಸಿದ್ದಾರೆ. ಅವು ಮಾರ್ಟಿನಿ ಎಂಬ ಕಾಕ್‌ಟೇಲಿನ ಗ್ಲಾಸುಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಸುತ್ತಿದರೂ ಅವುಗಳಲ್ಲಿ ಏನೇನು, ಎಷ್ಟೆಷ್ಟು ಬೀಳಬೇಕೆಂದು ಬಲ್ಲವರು ಬೆರಳೆಣಿಕೆಯಷ್ಟು ಸಿಕ್ಕಾರು. ಅವರಲ್ಲೊಬ್ಬರು ಇಲ್ಲಿ ಆ ಹೂವಿನ ಧೂಳು ಒರೆಸುತ್ತಾರೆ.

ತಾಳಿಕೋಟೆ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಹುಲಿಗೆವ್ವ ಮುದ್ದೇಬಿಹಾಳ ಕಡೆಯ ಪರಶುವನ್ನು ಮದುವೆಯಾದ ವರ್ಷವೇ ಇಬ್ಬರೂ ಗೋವೆಯ ಬಸ್ಸು ಹತ್ತಿದರು. ಕಡಲ ದಂಡೆಯ ದೊಡ್ಡ ಹೋಟೆಲೊಂದರಲ್ಲಿ ಪರಶು ನೆಲ ಒರೆಸುತ್ತ ಸೇರಿ, ನಾಲ್ಕು ವರ್ಷದಲ್ಲಿ ಬಾರಿನ ಕೌಂಟರಿಗೆ ನಿಂತರು. ಹುಲಿಗೆವ್ವ ಪರದೆಯ ಹಿಂದೆ ಗ್ಲಾಸು ತೊಳೆಯಲು ಕೂತರು. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಒಂದು ಗೇಣು ಬಟ್ಟೆ.

"ಕಲಿಸಿದವ್ರು ಯಾರೂ ಇಲ್ರಿ, ಎಂಜಲ ಗ್ಲಾಸ ಕಲಿಸಿದ್ವು" ಎನ್ನುತ್ತಾರೆ. ತಳದಲ್ಲಿ ಉಪ್ಪುಪ್ಪು ವಾಸನೆಯ ಮಬ್ಬು ನೀರಿದ್ದರೆ ಅದು ಆಲಿವ್ ಕಾಯಿಯ ಉಪ್ಪಿನೀರು ಬೆರೆಸಿದ ಡರ್ಟಿ ಮಾರ್ಟಿನಿ. ಹಳದಿ ನಿಂಬೆಯ ಸಿಪ್ಪೆ ಸುರುಳಿಯಿದ್ದರೆ ಟ್ವಿಸ್ಟ್. ಮಾರ್ಟಿನಿಗೆ ಬುಡವೆಲ್ಲ ಜಿನ್. ಅದಕ್ಕೆ ವರ್ಮುತ್ ಎಂಬ ಗಿಡಮೂಲಿಕೆಯ ವೈನು ಎಷ್ಟು ಬೀಳುತ್ತದೆಂಬುದರ ಮೇಲೆ ಡ್ರೈ, ವೆಟ್ ಎಂದು ಹೆಸರು ಬದಲಾಗುತ್ತದೆ. ಹುಲಿಗೆವ್ವ ಇದನ್ನು ಇನ್ನೂ ಸಲೀಸು ಮಾಡುತ್ತಾರೆ. "ವರ್ಮುತ್ ಅಂದ್ರ ಒಗ್ಗರಣಿ ಇದ್ದಂಗ್ರಿ. ಡ್ರೈ ಕೇಳಿದವಂಗ ನಾಕು ಸಾಸವಿ ಸಿಡಿಸಿದ್ರ ಸಾಕು. ವೆಟ್ ಕೇಳಿದವಂಗ ಕೈ ಬಿಚ್ಚಿ ಹಾಕಬೇಕು."

ಮೊದಮೊದಲು ಫಜೀತಿಯೂ ಆಯಿತು. ಗಿಬ್ಸನ್ ಎಂಬ ಮಾರ್ಟಿನಿಗೆ ಗೋಲಿಯಷ್ಟು ಚಿಕ್ಕ, ಹುಳಿಯಲ್ಲಿ ನೆನೆಸಿದ ಈರುಳ್ಳಿ ಬೇಕು. ಒಂದಿನ ಗಡಿಬಿಡಿಯಲ್ಲಿ ಪರಶು ಪರದೆಯ ಆಚೆಯಿಂದಲೇ "ಉಳ್ಳಾಗಡ್ಡಿ ಕೊಡು" ಎಂದು ಕೂಗಿದರು. ಹುಲಿಗೆವ್ವ ಊರಲ್ಲಿ ರೊಟ್ಟಿ ಜೊತೆಗೆ ಮಾಡುವಂತೆಯೇ ದಪ್ಪನೆಯ ಹಸಿ ಗಡ್ಡೆಯೊಂದನ್ನು ಗುದ್ದಿ ಒಡೆದು, ಮೇಲೊಂದಿಷ್ಟು ಉಪ್ಪು ಉದುರಿಸಿ, ತಟ್ಟೆಯಲ್ಲಿಟ್ಟು ಕೊಟ್ಟರು. ಬಿಳಿ ಸಾಹೇಬರು ಅದನ್ನೂ ಕರಕರ ತಿಂದರಂತೆ.

ಗೋವೆಗೆ ಬಂದ ಹದಿನೈದನೆಯ ವರ್ಷಕ್ಕೆ ಪರಶುವಿನ ಬಲಗೈ ನಡುಗತೊಡಗಿತು. ಡಾಕ್ಟರು ಅದು ವಾಸಿಯಾಗದ ನರದ ಕಾಯಿಲೆ ಎಂದರು. ಶೇಕರಿಗೆ ಹಾಕಿ ಕುಲುಕುವ ಮಾರ್ಟಿನಿಗೆ ನಡುಗುವ ಕೈ ನಡೆದೀತು, ಯಾರಿಗೂ ಗೊತ್ತಾಗದು. ಆದರೆ ರುಚಿ ಬಲ್ಲವರು ಕೇಳುವುದು ಕಲಕಿದ್ದನ್ನು. ಐಸು ತುಂಬಿದ ಗ್ಲಾಸಿನಲ್ಲಿ ಉದ್ದನೆಯ ಚಮಚ ಸದ್ದಿಲ್ಲದೆ ತಿರುಗಬೇಕು, ಒಳಗಿನದು ತಿಳಿಯಾಗಿಯೇ ಉಳಿಯಬೇಕು. ಪರಶು ಕಲಕಿದರೆ ಚಮಚ ಗಾಜಿಗೆ ಬಡಿದು ಟಣಟಣ ಎನ್ನುತ್ತಿತ್ತು. ಕೈ ಹೋಯಿತೆಂದು ಗೊತ್ತಾದರೆ ಕೆಲಸವೂ ಹೋಗುತ್ತದೆ. ಹಾಗಾಗಿ ಕಲಕುವ ಮಾರ್ಟಿನಿಯೆಲ್ಲ ಪರದೆಯ ಹಿಂದಕ್ಕೆ ಬಂತು.

ನಾಲ್ಕು ವರ್ಷ ಹುಲಿಗೆವ್ವ ಕಲಕಿದರು. ಗಡಿಯಾರ ನೋಡಲಿಲ್ಲ. ಬೀಸುಕಲ್ಲಿನ ಮುಂದೆ ಅವ್ವ ಹಾಡುತ್ತಿದ್ದ ಪದದ ಒಂದು ನುಡಿ ಮನಸ್ಸಿನಲ್ಲೇ ಹೇಳಿಕೊಳ್ಳುವುದು, ನುಡಿ ಮುಗಿದಾಗ ಚಮಚ ಎತ್ತುವುದು. ಅಷ್ಟರಲ್ಲಿ ಗ್ಲಾಸಿನ ತಂಪು ಬೆರಳಿಗೆ ತಾಗಿರುತ್ತಿತ್ತು. ಗಿರಾಕಿಗಳು ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಹೋಟೆಲಿನವರು ವಾರ್ಷಿಕ ಸಮಾರಂಭದಲ್ಲಿ ಪರಶುವಿಗೆ ಶಾಲು ಹೊದಿಸಿ ಫಲಕ ಕೊಟ್ಟರು. ಹುಲಿಗೆವ್ವ ಹಿಂದೆ ಗ್ಲಾಸು ತೊಳೆಯುತ್ತ ಚಪ್ಪಾಳೆ ಕೇಳಿಸಿಕೊಂಡರು.

"ನಮ್ಮನ್ಯಾವ್ರು ಬಂದವ್ರ ಅದನ್ನ ನನ್ನ ಉಡಿಯಾಗ ಹಾಕಿ, ಸಣ್ಣ ಹುಡುಗರಗತೆ ಅತ್ರು. ಇದು ನಿಂದು, ನಾ ಕಳವು ಮಾಡೇನಿ ಅಂದ್ರು. ನನಗೂ ಒಳಗ ಸಂಕಟ ಆಗಿತ್ರಿ, ಯಾಕ ಸುಳ್ಳು ಹೇಳಲಿ? ಆದ್ರ ಅವ್ರ ಮಾರಿ ನೋಡಿ, ನಿಮ್ಮ ಕೈ ಬ್ಯಾರೆ ಏನ್ರಿ, ನನ್ನ ಕೈ ಬ್ಯಾರೆ ಏನ್ರಿ ಅಂದೆ."

ಶೇಕರ್ ಹಿಡಿಯಲೂ ಆಗದ ಮೇಲೆ ಇಬ್ಬರೂ ಊರಿಗೆ ಮರಳಿದರು. ಮೂರು ವರ್ಷದ ಹಿಂದೆ, ಪರಶು ಹಾಸಿಗೆ ಹಿಡಿದಿದ್ದಾಗ, ಗೋವೆಯ ಮ್ಯಾನೇಜರು ಆರೋಗ್ಯ ವಿಚಾರಿಸಲು ಫೋನು ಮಾಡಿದರು. ಹುಲಿಗೆವ್ವ ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದರು. ನಾಲಗೆ ತೊದಲುತ್ತಿತ್ತು. ಆದರೂ ಪರಶು ಬಿಡಿಸಿ ಬಿಡಿಸಿ ಹೇಳಿದರು: "ಸಾಹೇಬ್ರ, ಆ ಕೈ ನಂದಲ್ರಿ. ಕಲಕಿದ್ದೆಲ್ಲಾ ನನ್ನ ಹೇಣ್ತಿ." ಆ ಕಡೆಯಿಂದ ನಗು ಕೇಳಿಸಿತು. ಹೆಂಡತಿಯ ಮೇಲೆ ಇಷ್ಟು ಪ್ರೀತಿಯಿರುವುದು ಒಳ್ಳೆಯದೇ, ವಿಶ್ರಾಂತಿ ತಗೋ ಎಂದು ಹೇಳಿ ಮ್ಯಾನೇಜರು ಫೋನಿಟ್ಟರು. ಪರಶು ಮತ್ತೆ ಮಾಡಿಸಿದರು, ಯಾರೂ ಎತ್ತಲಿಲ್ಲ. ಹನ್ನೊಂದನೆಯ ದಿನ ತೀರಿಕೊಂಡರು.

ಇಲ್ಲಿ ಬಸಣ್ಣ ಹೊಸ ಬಾರ್‌ಮನ್ ಹುಡುಕುತ್ತಿದ್ದಾಗ ಹುಲಿಗೆವ್ವ ಒಮ್ಮೆ, ಗೋವೆಯಲ್ಲಿ ಕಲಕುತ್ತಿದ್ದುದು ತಾನೇ ಎಂದು ಬಾಯಿ ಬಿಟ್ಟು ಹೇಳಿ ನೋಡಿದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. "ಗೊತ್ತೈತಿ ಬಿಡ ಯಕ್ಕಾ, ನಿಮ್ಮ ಯಜಮಾನ್ರು ಬಾಳ ಚೊಲೊ ಮಾಡ್ತಿದ್ರಂತ" ಎಂದು ಬಸಣ್ಣ ಗೌರವದಿಂದಲೇ ಹೇಳಿದರು. ಕೆಟ್ಟ ಮನುಷ್ಯರಲ್ಲ.

ಇದೆಲ್ಲ ಪತ್ರಿಕೆಯಲ್ಲಿ ಬರುತ್ತದೆ ಎಂದು ಹೇಳಿದಾಗ ಹುಲಿಗೆವ್ವ ಕೈ ಒರೆಸಿಕೊಂಡು ಕೂರುತ್ತಾರೆ. ಕೌಂಟರಿಗೆ ನಿಲ್ಲಬೇಕೆಂಬ ಆಸೆ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಬೆರಳ ಸಂದಿಗಳೆಲ್ಲ ನೀರಿಗೆ ಬಿಳಿಚಿ ಬಿರುಕು ಬಿಟ್ಟಿವೆ.

"ನನ್ನ ಕೈ ಚೊಲೊ ಇತ್ತಂತ ನೀವು ಬರದ್ರೂ ನಡೀತೈತಿ, ಬಿಟ್ರೂ ನಡೀತೈತಿ" ಎನ್ನುತ್ತಾರೆ ಕೊನೆಗೆ. "ನಮ್ಮನ್ಯಾವ್ರು ಸಾಯೂ ಮುಂದ ಖರೇ ಹೇಳಿದ್ರು ಅಂತ ಬರೀರಿ. ಅಷ್ಟ ಬರೀರಿ. ಪೇಪರಿನ್ಯಾಗ ಬಂದ್ರ ನಂಬ್ತಾರಲ್ರಿ?"