ಎಣ್ಣೆ ಬಾಟ್ಲಿಯಲ್ಲಿ ದುಬೈಗೆ ಹಾರಿದ ಬಾವಿನೀರು

ಮಂಗಳೂರಿನಿಂದ ದುಬೈಗೆ ಮೂರೂವರೆ ಗಂಟೆ. ನಾನು ಹೇಳಿದ್ದಲ್ಲ, ಮೊಬೈಲು ಹೇಳಿದ್ದು. ನಮ್ಮೂರ ಕಡೆಯ ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಅಷ್ಟು ಹೊತ್ತಿಗೆ ಹಾಸನ ಮುಟ್ಟುವುದೂ ಅನುಮಾನ. ಇಲ್ಲಿ ನೋಡಿದರೆ ಸಮುದ್ರವನ್ನೇ ದಾಟಿಸಿಬಿಡುತ್ತಾರೆ. ಮೆಚ್ಚಬೇಕಾದ್ದೇ ಅಲ್ಲವೇ?

ನಾನು ಹೀಗೆ ವಿಮಾನದ ಗುಣಗಾನ ಮಾಡುತ್ತಿದ್ದರೆ ಗುತ್ತಿಗಾರಿನ ರುಕ್ಮಿಣಿ ಅತ್ತೆ ಕೇಳಿದ್ದು ಒಂದೇ ಮಾತು. "ಅಷ್ಟು ಹೊತ್ತಲ್ಲಿ ನೀರು ಕೆಡುದಿಲ್ಲ ಅಲ್ವಾ?"

ಯಾವ ನೀರು? ಬೆಳ್ಳಾರೆಯ ನಮ್ಮ ಮನೆ ಬಾವಿಯದು. ಅಂದರೆ ಅತ್ತೆಯ ತವರಿನದು. ದುಬೈಯಲ್ಲಿರುವ ಅವರ ತಂಗಿಗೆ (ನನಗೆ ಸಣ್ಣತ್ತೆ) ಹೊಟ್ಟೆಯ ಆಪರೇಷನ್ ಆಗಿತ್ತು. ಗಾಯ ಮಾಗಿದರೂ ಬಾಯೆಲ್ಲ ಕಹಿ, ಊಟ ಸೇರದು. ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕು ಎಂದಿದ್ದರು ಡಾಕ್ಟರು. "ನಮ್ಮ ಬಾವಿ ನೀರು ಒಂದು ಗುಟುಕು ಸಿಕ್ಕಿದ್ರೆ ಸಾಕಿತ್ತು ಅಕ್ಕ" ಎಂದು ಆಕೆ ಫೋನಿನಲ್ಲಿ ಅಂದದ್ದೇ ತಡ, ಅತ್ತೆ ಪಾಸ್‌ಪೋರ್ಟ್ ಹುಡುಕಿದರು. ಜೊತೆಗೆ ನಾನು.

ನೀರು ಕುದಿಸಿ, ಆರಿಸಿ ಬಾಟ್ಲಿಗೆ ತುಂಬಿದ್ದಾಯಿತು. ಸೂಟ್‌ಕೇಸಿನಲ್ಲಿ ಹಾಕಿ ಎಂದೆ.

"ಚಪ್ಪಲಿ ಇರುವ ಪೆಟ್ಟಿಗೆಯಲ್ಲಿ ಕುಡಿಯುವ ನೀರು ಇಡುದುಂಟಾ ಮಾರಾಯ?"

ಹೀಗೆ ನಮ್ಮ ಬಾವಿಯ ಗಂಗೆ, ಅತ್ತೆಯ ಮಡಿಲಲ್ಲೇ ಹೊರಟಳು.

ಏರ್‌ಪೋರ್ಟಿನ ಚೆಕಿಂಗ್‌ನಲ್ಲಿ ತಡೆದರು. ಸೂಟ್‌ಕೇಸು ಆಗಲೇ ಒಳಗೆ ಹೋಗಿತ್ತು. "ಅಮ್ಮ, ಇಷ್ಟು ನೀರು ಬಿಡ್ಲಿಕ್ಕೆ ಆಗುದಿಲ್ಲ" ಎಂದ ಅಲ್ಲಿಯ ಸಿಬ್ಬಂದಿ. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಮತ್ತೆ ಎಷ್ಟು ಬಿಡ್ತೀರಿ?" ಎಂದು ಕೇಳಿದರು ಅತ್ತೆ.

ಆತ ಅತ್ತೆಯ ಚೀಲದಲ್ಲಿದ್ದ ತೆಂಗಿನೆಣ್ಣೆಯ ಪುಟ್ಟ ಬಾಟ್ಲಿ ತೋರಿಸಿದ. "ಇಷ್ಟಾದ್ರೆ ಅಡ್ಡಿಲ್ಲ."

ಅತ್ತೆ ಪಕ್ಕಕ್ಕೆ ಸರಿದು ಎಣ್ಣೆಯನ್ನು ತಲೆಗೆ ಸುರಿದುಕೊಂಡರು. ಒಂದು ತಲೆ ಸಾಲಲಿಲ್ಲ. "ಬಗ್ಗು" ಎಂದು ನನ್ನ ನೆತ್ತಿಗೂ ತಟ್ಟಿದರು. (ಕ್ಯೂನಲ್ಲಿದ್ದವರಿಗೆ ಪುಕ್ಕಟೆ ಮನರಂಜನೆ.) ಬಾವಿನೀರಿನಲ್ಲೇ ಬಾಟ್ಲಿಯನ್ನು ಕುಲುಕಿ ತೊಳೆದು, ಮತ್ತೆ ತುಂಬಿದರು. ಉಳಿದದ್ದನ್ನು ಚೆಲ್ಲಲು ಮನಸ್ಸಿಲ್ಲದೆ ನನಗೂ ಕುಡಿಸಿ ತಾವೂ ಕುಡಿದರು.

ನಾನೊಬ್ಬನೇ ಆಗಿದ್ದರೆ? ನಿಯಮಕ್ಕೆ ಬೈದು, ಬಾಟ್ಲಿ ಅಲ್ಲೇ ಬಿಟ್ಟು, ಈ ವಾರ ಅದರ ಮೇಲೊಂದು ಸಿಟ್ಟಿನ ಅಂಕಣ ಬರೆಯುತ್ತಿದ್ದೆ. ಅತ್ತೆ ಯಾರಿಗೂ ಬೈಯಲಿಲ್ಲ. ಇಂಥವರ ಸೋದರಳಿಯ ಎಂದು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ದುಬೈಯಲ್ಲಿ ಸಣ್ಣತ್ತೆ ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದರು. "ಅಕ್ಕ, ಇದರಲ್ಲಿ ಎಂತದೋ ಎಣ್ಣೆ ಪರಿಮಳ ಉಂಟಲ್ಲ?" ಆಮೇಲೆ ಮಿರಿಮಿರಿ ಮಿಂಚುತ್ತಿದ್ದ ನಮ್ಮಿಬ್ಬರ ತಲೆ ಕಣ್ಣಿಗೆ ಬಿತ್ತು. ಕಥೆ ಕೇಳಿ, ಆಪರೇಷನ್ ಆದ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾಗಿ ಕೇಳಿದರು: "ಹಸಿವಾಗ್ತಾ ಉಂಟು. ಗಂಜಿ ಮಾಡ್ತೀಯಾ ಅಕ್ಕ?"

ಮೊಬೈಲು ಹೇಳುವ ಆ ಮೂರೂವರೆ ಗಂಟೆಯಲ್ಲಿ, ಎರಡು ತಲೆಗೆ ಎಣ್ಣೆ ಹಚ್ಚುವ ಹೊತ್ತೂ ಸೇರಿದೆಯೇ?